ಕಾರ್ಖಾನೆಯ ಗೇಟಿನೊಳಗೆ ಹೋಗುತ್ತಿದ್ದ ಹಳಿ: ಹಳೆಯ ಸೈಡಿಂಗ್‌ಗಳ ಇತಿಹಾಸ ಹುಡುಕುವುದು ಹೇಗೆ?

ಬೆಂಗಳೂರಿನ ಹಳೆಯ ಮಿಲ್ಲುಗಳ ಜಾಗದಲ್ಲಿ ಈಗ ಮಾಲ್‌ಗಳೂ ಅಪಾರ್ಟ್‌ಮೆಂಟ್‌ಗಳೂ ನಿಂತಿವೆ. ಇನ್ನೊಂದು ಕಡೆ 148 ಕಿ.ಮೀ. ಉದ್ದದ ಉಪನಗರ ರೈಲು ಯೋಜನೆಗಾಗಿ ರೈಲ್ವೆ ಗಡಿಯ ಜಾಗಗಳ ಅಳತೆ, ಹಸ್ತಾಂತರ ನಡೆದಿದೆ. ಹಾಗಾಗಿ ಹಿಂದೆ ಯಾರೂ ಕೇಳದ ಪ್ರಶ್ನೆಗಳನ್ನು ಜನ ಕೇಳತೊಡಗಿದ್ದಾರೆ. ಬಡಾವಣೆಯ ನಡುವೆ ಈ ಓಣಿ ಯಾಕೆ ಬಿಲ್ಲಿನಂತೆ ಬಾಗಿದೆ? ಗೋಡೆಯಲ್ಲಿ ಲಾರಿ ಬಾಗಿಲಿಗಿಂತ ಬೇರೆಯಾದ, ಇಟ್ಟಿಗೆ ತುಂಬಿ ಮುಚ್ಚಿದ ಇನ್ನೊಂದು ಬಾಗಿಲು ಯಾತಕ್ಕಿತ್ತು? ಈ ಪಟ್ಟಿ ಜಮೀನು ರೈಲ್ವೆಯದೋ, ಕಾರ್ಖಾನೆಯದೋ?

ಉತ್ತರ ಬಹಳ ಸಲ ಒಂದೇ: ಅಲ್ಲಿ ಸೈಡಿಂಗ್ ಇತ್ತು. ಆದರೆ ಅದು ಯಾವಾಗ ಬಂತು, ಯಾರ ದುಡ್ಡಿನಲ್ಲಿ ಬಂತು, ಅದರಲ್ಲಿ ಏನು ಸಾಗಿತು, ಯಾವಾಗ ನಿಂತಿತು ಎಂಬುದು ಒಂದೇ ಕಾಗದದಲ್ಲಿ ಸಿಗುವುದಿಲ್ಲ. ಒಂದೊಂದು ದಾಖಲೆ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ.

ಸೈಡಿಂಗ್ ಎಂದರೆ ನಲ್ಲಿ ಸಂಪರ್ಕ ಇದ್ದಂತೆ

ಬೀದಿಯ ಮುಖ್ಯ ಪೈಪಿನಿಂದ ಮನೆಗೆ ನಲ್ಲಿ ಎಳೆಸುವಾಗ ಅರ್ಜಿ ಹಾಕುತ್ತೇವೆ, ಖರ್ಚು ಕಟ್ಟುತ್ತೇವೆ, ಬಿಲ್ಲು ಬರುತ್ತದೆ, ಕಟ್ಟದಿದ್ದರೆ ಸಂಪರ್ಕ ಹೋಗುತ್ತದೆ. ಕಾರ್ಖಾನೆಯ ಸೈಡಿಂಗ್ ಕೂಡ ಹೀಗೆಯೇ. ಮುಖ್ಯ ಮಾರ್ಗದಿಂದ ಅಥವಾ ಸ್ಟೇಷನ್ ಯಾರ್ಡಿನಿಂದ ಕವಲೊಡೆದು ಕಾರ್ಖಾನೆಯ ಆವರಣದೊಳಗೆ ಹೋಗುವ ಹಳಿ ಅದು. ಹಳಿ ಕವಲೊಡೆಯುವ ಜಾಗಕ್ಕೆ ಪಾಯಿಂಟ್ಸ್ ಎನ್ನುತ್ತಾರೆ.

ಸೈಡಿಂಗ್ ಇಲ್ಲದ ಕಾರ್ಖಾನೆಗಳು ಸ್ಟೇಷನ್ನಿನ ಗೂಡ್ಸ್ ಶೆಡ್ಡನ್ನು ಬಳಸುತ್ತಿದ್ದವು. ಅದು ಬೀದಿ ನಲ್ಲಿ. ಅಲ್ಲಿಂದ ಎತ್ತಿನ ಗಾಡಿಯಲ್ಲೋ ಲಾರಿಯಲ್ಲೋ ಸರಕು ಮನೆ ಸೇರಬೇಕು. ಹುಡುಕಾಟದ ಮೊದಲ ಎಡವಟ್ಟು ಇಲ್ಲೇ ಆಗುತ್ತದೆ. ‘ಮಿಲ್ಲಿಗೆ ರೈಲಿನಲ್ಲಿ ಹತ್ತಿ ಬರುತ್ತಿತ್ತು’ ಎಂದು ಹಿರಿಯರು ಹೇಳಿದ ಮಾತ್ರಕ್ಕೆ ಮಿಲ್ಲಿನೊಳಗೆ ಹಳಿ ಇತ್ತೆಂದು ಅರ್ಥವಲ್ಲ. ಗೂಡ್ಸ್ ಶೆಡ್ಡಿಗೆ ಬಂದ ಹತ್ತಿಯೂ ರೈಲಿನಲ್ಲೇ ಬಂದದ್ದು.

ಸೈಡಿಂಗ್ ಕೆಲಸ ಮಾಡುತ್ತಿದ್ದ ಕ್ರಮ ಗೊತ್ತಿದ್ದರೆ ದಾಖಲೆ ಓದುವುದು ಸುಲಭ. ಕಾರ್ಖಾನೆಯವರು ಖಾಲಿ ವ್ಯಾಗನ್ ಬೇಕೆಂದು ಸ್ಟೇಷನ್ ಮಾಸ್ತರರಿಗೆ ಇಂಡೆಂಟ್ ಕೊಡುತ್ತಾರೆ. ಇಂಜಿನ್ ವ್ಯಾಗನ್ ತಂದು ಸೈಡಿಂಗ್‌ನಲ್ಲಿ ಬಿಡುತ್ತದೆ, ಇದು ಪ್ಲೇಸ್‌ಮೆಂಟ್. ಅಲ್ಲಿಂದ ಗಡಿಯಾರ ಶುರು. ಇಷ್ಟು ಗಂಟೆಯೊಳಗೆ ತುಂಬಿಸಬೇಕು ಅಥವಾ ಇಳಿಸಬೇಕು. ತಡವಾದರೆ ಡೆಮರೇಜ್ ತೆರಬೇಕು. ಸರಕು ರೈಲ್ವೆಯ ಜಾಗದಲ್ಲಿ ಹೆಚ್ಚು ಕಾಲ ಬಿದ್ದಿದ್ದರೆ ತೆರುವುದು ವಾರ್ಫೇಜ್. ಲೆಕ್ಕದ ಪುಸ್ತಕದಲ್ಲಿ ಈ ಎರಡರ ವ್ಯತ್ಯಾಸ ದೊಡ್ಡ ಸುಳಿವು. ಬರೀ ವಾರ್ಫೇಜ್ ಕಂಡರೆ ಕಾರ್ಖಾನೆ ಗೂಡ್ಸ್ ಶೆಡ್ಡನ್ನು ನೆಚ್ಚಿಕೊಂಡಿರಬಹುದು. ‘ಸೈಡಿಂಗ್ ಚಾರ್ಜ್’ ಎಂಬ ಬಾಬ್ತು ಕಂಡರೆ ಅನುಮಾನವೇ ಬೇಡ. ಇಂಜಿನ್ ಸೈಡಿಂಗ್‌ಗೆ ಹೋಗಿ ಬರಲು ಹಿಡಿಯುವ ಸಮಯವನ್ನು ಕೆಲವು ಸಲ ಓಡಿಸಿ ಅಳೆದು, ಸರಾಸರಿ ತೆಗೆದು ಈ ದರ ಗೊತ್ತುಮಾಡುತ್ತಿದ್ದರು.

ಹಳಿಗಿಂತ ಮೊದಲು ಕರಾರು

ಸೈಡಿಂಗ್ ಎನ್ನುವುದು ಕಬ್ಬಿಣಕ್ಕಿಂತ ಮೊದಲು ಕಾಗದ. ರೈಲ್ವೆ ಮತ್ತು ಕಾರ್ಖಾನೆಯ ನಡುವೆ ಕರಾರಾಗದೆ ಒಂದಡಿ ಹಳಿಯೂ ಬೀಳುವುದಿಲ್ಲ. ಹಳೆಯ ಕಡತಗಳಲ್ಲಿ ಎರಡು ಹೆಸರು ಹೆಚ್ಚು ಕಾಣುತ್ತವೆ. ‘ಪ್ರೈವೇಟ್ ಸೈಡಿಂಗ್’ ಎಂದರೆ ಖರ್ಚು ಕಾರ್ಖಾನೆಯದು. ‘ಅಸಿಸ್ಟೆಡ್ ಸೈಡಿಂಗ್’ ಎಂದರೆ ಮಣ್ಣಿನ ಕೆಲಸ, ಕಟ್ಟಡ ಕೆಲಸಗಳು ಕಾರ್ಖಾನೆಯ ಪಾಲು. ಹಳಿ, ಅದರ ಕೆಳಗೆ ಅಡ್ಡ ಹಾಕುವ ಸ್ಲೀಪರ್‌ಗಳ ಬಂಡವಾಳ ರೈಲ್ವೆಯದು, ಅದಕ್ಕೆ ಕಾರ್ಖಾನೆ ವರ್ಷವರ್ಷ ಬಡ್ಡಿ ಮತ್ತು ನಿರ್ವಹಣೆ ಖರ್ಚು ಕಟ್ಟಬೇಕು. ಈ ಭೇದ ಇವತ್ತಿಗೂ ಮುಖ್ಯ. ಹಳಿ ಕಿತ್ತಾಗ ಯಾರ ಸೊತ್ತು ಯಾರಿಗೆ ಹೋಗಬೇಕೆಂಬುದು ಈ ಕರಾರಿನ ಮೇಲೆ ನಿಂತಿರುತ್ತದೆ.

ಕರಾರಿನ ಜೊತೆ ಒಂದು ನಕ್ಷೆ ಲಗತ್ತಾಗಿರುತ್ತದೆ. ಅದರಲ್ಲಿ ರೈಲ್ವೆ ಜಮೀನು, ಕಾರ್ಖಾನೆ ಜಮೀನಿಗೆ ಬೇರೆ ಬೇರೆ ಬಣ್ಣ ಬಳಿದು ತೋರಿಸುವುದು ರೂಢಿ. ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ನಕಲು ತೆಗೆಸುವಾಗ ಬಣ್ಣದ ನಕಲನ್ನೇ ಕೇಳಿ. ಕಪ್ಪು-ಬಿಳುಪಿನಲ್ಲಿ ಎರಡೂ ಬಣ್ಣ ಒಂದೇ ಬೂದಿಯಾಗಿ ಬಂದರೆ ಕೈಗೆ ಸಿಕ್ಕರೂ ಸಿಗದಂತೆ.

ಬೆಂಗಳೂರಿನಲ್ಲಿ ಮೊದಲು ಗೇಜ್ ಕೇಳಿ

ಗೇಜ್ ಎಂದರೆ ಎರಡು ಹಳಿಗಳ ನಡುವಿನ ಅಂತರ. ಬ್ರಾಡ್ ಗೇಜ್ 1,676 ಮಿ.ಮೀ., ಮೀಟರ್ ಗೇಜ್ 1,000 ಮಿ.ಮೀ., ನ್ಯಾರೋ ಗೇಜ್ 762 ಮಿ.ಮೀ. ಅಥವಾ ಅದಕ್ಕೂ ಕಡಿಮೆ. ಒಂದು ಗೇಜಿನ ವ್ಯಾಗನ್ ಇನ್ನೊಂದರ ಮೇಲೆ ಓಡುವುದಿಲ್ಲ.

ಮದರಾಸು ಕಡೆಯಿಂದ ಬ್ರಾಡ್ ಗೇಜ್ 1864ರಲ್ಲಿ ಬೆಂಗಳೂರು ಕಂಟೋನ್ಮೆಂಟ್‌ಗೆ ಬಂತು. 1880ರ ದಶಕದ ಆರಂಭದಲ್ಲಿ ಸಿಟಿ ಸ್ಟೇಷನ್‌ನಿಂದ ಮೈಸೂರಿನ ಕಡೆ ಹೊರಟದ್ದು ಮೀಟರ್ ಗೇಜ್. ಬ್ರಾಡ್ ಗೇಜ್ ಕಂಟೋನ್ಮೆಂಟ್‌ನಿಂದ ಸಿಟಿಯ ವರೆಗೆ ಬಂದ ಮೇಲೆ ಎರಡೂ ಅಲ್ಲಿ ಸಂಧಿಸಿದವು, ಆದರೆ ಬೆರೆಯಲಿಲ್ಲ. ಅಲ್ಲಿಂದ ಸುಮಾರು ನೂರು ವರ್ಷ ಸಿಟಿಯ ಪೂರ್ವಕ್ಕೆ ಬ್ರಾಡ್ ಗೇಜ್. ಮಲ್ಲೇಶ್ವರ, ಯಶವಂತಪುರ, ತುಮಕೂರು, ಮೈಸೂರು ಕಡೆಗೆ ಮೀಟರ್ ಗೇಜ್. ಮದರಾಸು ಬಂದರಿಗೆ ಬಂದಿಳಿದ ಯಂತ್ರ ಯಶವಂತಪುರದ ಕಾರ್ಖಾನೆಗೆ ಹೋಗಬೇಕೆಂದರೆ, ನಡುವೆ ಒಂದು ವ್ಯಾಗನ್‌ನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಿತ್ತು. ಇದೇ ಟ್ರಾನ್ಸ್‌ಶಿಪ್‌ಮೆಂಟ್. ಕೂಲಿ, ವಿಳಂಬ, ಒಡೆತ, ಕಳವು ಎಲ್ಲದಕ್ಕೂ ಬಾಗಿಲು ತೆರೆಯುತ್ತಿದ್ದುದು ಇಲ್ಲೇ.

ಆದ್ದರಿಂದ ಕಾರ್ಖಾನೆ ನಗರದ ಯಾವ ಮಗ್ಗುಲಲ್ಲಿತ್ತು ಎಂದು ನೋಡಿದರೆ ಅದರ ಸರಕಿನ ದಾರಿ ಅರ್ಧ ತಿಳಿದಂತೆ. 1940ರ ಎಚ್‌ಎಎಲ್, 1948ರ ಟೆಲಿಫೋನ್ ಕಾರ್ಖಾನೆ ಐಟಿಐ ಪೂರ್ವದಲ್ಲಿ, ಬ್ರಾಡ್ ಗೇಜಿನ ಕಡೆ. ಜಾಲಹಳ್ಳಿ ಕಡೆಯ ಎಚ್‌ಎಂಟಿ ಮತ್ತು ಬಿಇಎಲ್ ಶುರುವಾದ 1950ರ ದಶಕದಲ್ಲಿ ಆ ಮಗ್ಗುಲಿನ ಮುಖ್ಯ ಮಾರ್ಗಗಳು ಮೀಟರ್ ಗೇಜಿನವು.

ಗೇಜ್ ಬದಲಾವಣೆಯೂ ಸೈಡಿಂಗ್‌ಗಳಿಗೆ ಮುಳುವಾಗಬಲ್ಲದು. ಗುಂತಕಲ್ ಕಡೆಯ ಮಾರ್ಗ 1980ರ ದಶಕದ ಆರಂಭದಲ್ಲಿ, ಮೈಸೂರು ಕಡೆಯದು 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಮುಖ್ಯ ಮಾರ್ಗವನ್ನು ರೈಲ್ವೆ ಬದಲಿಸಿತು. ಖಾಸಗಿ ಸೈಡಿಂಗ್ ಬದಲಿಸುವ ಖರ್ಚು ಮಾಲೀಕನದು. ಅವನು ಬದಲಿಸದಿದ್ದರೆ ಹಳಿ ಇದ್ದಲ್ಲೇ ಇರುತ್ತದೆ, ತಲುಪಿಸಲು ವ್ಯಾಗನ್ನೇ ಇರುವುದಿಲ್ಲ. ನಿಮ್ಮ ಸೈಡಿಂಗ್ ಮೀಟರ್ ಗೇಜಿನದಾಗಿದ್ದರೆ, ಆ ಮಾರ್ಗದ ಗೇಜ್ ಪರಿವರ್ತನೆಯ ವರ್ಷವನ್ನು ಮೊದಲು ಬರೆದಿಟ್ಟುಕೊಳ್ಳಿ.

ನಕ್ಷೆಯಲ್ಲಿ ಬಾಗು ಹುಡುಕುವುದು

ಶುರು ಮಾಡಬೇಕಾದ್ದು ಸರ್ವೆ ಆಫ್ ಇಂಡಿಯಾದ ಟೋಪೋಶೀಟ್‌ನಿಂದ, ಅಂದರೆ ನೆಲದ ವಿವರ ತೋರಿಸುವ ನಕ್ಷೆಯ ಹಾಳೆಯಿಂದ. ಬೆಂಗಳೂರು ಎರಡು ಹಾಳೆಗಳಲ್ಲಿ ಹರಡಿದೆ. 13 ಡಿಗ್ರಿ ಅಕ್ಷಾಂಶ ನಗರದ ನಡುವೆಯೇ ಹಾದುಹೋಗುವುದರಿಂದ ಯಶವಂತಪುರ 57 ಜಿ/12ರಲ್ಲಿ, ಸಿಟಿ ಸ್ಟೇಷನ್ 57 ಎಚ್/9ರಲ್ಲಿ ಸಿಗುತ್ತದೆ. ಒಂದೇ ಹಾಳೆ ತರಿಸಿಕೊಂಡು ‘ನಕ್ಷೆಯಲ್ಲಿ ಇಲ್ಲ’ ಎಂದು ಕೈಬಿಡಬೇಡಿ. ಹಳೆಯ ಮುದ್ರಣಗಳು ಒಂದು ಮೈಲಿಗೆ ಒಂದು ಅಂಗುಲದ ಅಳತೆಯವು, ಹೊಸವು 1:50,000. ಹಾಳೆಯ ಅಂಚಿನಲ್ಲಿ ಸರ್ವೆ ನಡೆದ ವರ್ಷ, ಮುದ್ರಣದ ವರ್ಷ ಎರಡೂ ಇರುತ್ತವೆ. ನಿಮಗೆ ಬೇಕಾದ್ದು ಸರ್ವೆಯ ವರ್ಷ. ಮುದ್ರಣದ ವರ್ಷ ನಂಬಿದರೆ ಕಿತ್ತುಹೋದ ಹಳಿಗೆ ಹತ್ತಾರು ವರ್ಷ ಹೆಚ್ಚಿನ ಆಯುಸ್ಸು ಕೊಟ್ಟುಬಿಡುತ್ತೀರಿ. ಇನ್ನೊಂದು ಮಿತಿ: ಈ ಅಳತೆಯಲ್ಲಿ ನೂರಿನ್ನೂರು ಮೀಟರಿನ ಸೈಡಿಂಗ್ ಕೆಲವೇ ಮಿಲಿಮೀಟರ್ ಆಗುತ್ತದೆ, ಬಿಟ್ಟುಹೋಗಿರಲೂಬಹುದು. ನಕ್ಷೆಯಲ್ಲಿ ಇದ್ದರೆ ಅದು ಸಾಕ್ಷ್ಯ, ಇಲ್ಲದಿರುವುದು ಸಾಕ್ಷ್ಯವಲ್ಲ.

ಹಳೆಯ ಉಪಗ್ರಹ ಚಿತ್ರಗಳು ಈ ಕೊರತೆಯನ್ನು ಸ್ವಲ್ಪ ತುಂಬುತ್ತವೆ. ಅಮೆರಿಕದ ಕರೋನಾ ಬೇಹು ಉಪಗ್ರಹಗಳು 1960ರಿಂದ 1972ರ ವರೆಗೆ ತೆಗೆದ ಚಿತ್ರಗಳನ್ನು 1995ರಲ್ಲಿ ಸಾರ್ವಜನಿಕಗೊಳಿಸಲಾಯಿತು. ಅಮೆರಿಕದ ಭೂಗರ್ಭ ಸರ್ವೇಕ್ಷಣ ಸಂಸ್ಥೆಯ ಅರ್ಥ್ ಎಕ್ಸ್‌ಪ್ಲೋರರ್ ತಾಣದಲ್ಲಿ ಅವನ್ನು ಹುಡುಕಬಹುದು. ಈಗಾಗಲೇ ಸ್ಕ್ಯಾನ್ ಆಗಿರುವವು ಉಚಿತ. ಕೊನೆಯ ಸರಣಿಯ ಚಿತ್ರಗಳಲ್ಲಿ ಸುಮಾರು 2 ಮೀಟರಿನ ವಸ್ತು ಗುರುತಿಗೆ ಸಿಗುತ್ತದೆ. ಹಳಿ ಕಾಣದು, ಆದರೆ ಜಲ್ಲಿ ಹಾಕಿದ ಪಟ್ಟಿ ಗೆರೆಯಾಗಿ ಕಾಣುತ್ತದೆ.

ಇವತ್ತಿನ ಉಪಗ್ರಹ ಚಿತ್ರದಲ್ಲಿ ಹಳಿಯೇ ಇಲ್ಲವಾದರೂ ಅದರ ಬಾಗು ಉಳಿದಿರುತ್ತದೆ. ಸೈಕಲ್ ತಿರುಗುವ ಜಾಗದಲ್ಲಿ ಬಸ್ ತಿರುಗದು, ಬಸ್ ತಿರುಗುವಲ್ಲಿ ರೈಲು ತಿರುಗದು. ಭಾರತದ ರೈಲ್ವೆ ನಿಯಮದಲ್ಲಿ ಬ್ರಾಡ್ ಗೇಜಿನ ಅತಿ ಬಿಗಿಯಾದ ಬಾಗು 10 ಡಿಗ್ರಿ, ಅಂದರೆ 175 ಮೀಟರ್ ತ್ರಿಜ್ಯ. ಮೀಟರ್ ಗೇಜಿನದು 16 ಡಿಗ್ರಿ, ಸುಮಾರು 109 ಮೀಟರ್. 762 ಮಿ.ಮೀ. ನ್ಯಾರೋ ಗೇಜ್ 40 ಡಿಗ್ರಿಯ ವರೆಗೂ, ಅಂದರೆ ಸುಮಾರು 44 ಮೀಟರ್ ತ್ರಿಜ್ಯದಲ್ಲೂ ತಿರುಗಬಲ್ಲದು.

ಅಳೆಯುವುದು ಕಷ್ಟವಲ್ಲ. ಬಾಗಿದ ಗೋಡೆ ಅಥವಾ ಓಣಿಯ ಮೇಲೆ ಎರಡು ಬಿಂದು ಗುರುತಿಸಿ ನೇರ ಗೆರೆ ಎಳೆಯಿರಿ, ಅದು ಕಾರ್ಡ್. ಆ ಗೆರೆಯ ನಡುವಿನಿಂದ ಬಾಗಿನವರೆಗಿನ ದೂರವನ್ನು ಹಳಿ ನೋಡಿಕೊಳ್ಳುವವರು ವರ್ಸೈನ್ ಎನ್ನುತ್ತಾರೆ. ಕಾರ್ಡಿನ ವರ್ಗವನ್ನು ವರ್ಸೈನ್‌ನ ಎಂಟು ಪಟ್ಟಿನಿಂದ ಭಾಗಿಸಿದರೆ ತ್ರಿಜ್ಯ ಬರುತ್ತದೆ. ಕಾರ್ಡ್ 60 ಮೀಟರ್, ವರ್ಸೈನ್ 4 ಮೀಟರ್ ಎಂದುಕೊಳ್ಳಿ: 3,600 ಭಾಗಿಸು 32, ಅಂದರೆ 112 ಮೀಟರ್ ಚಿಲ್ಲರೆ. ಮೀಟರ್ ಗೇಜಿಗೆ ಸರಿಹೋಗುತ್ತದೆ, ನಿಯಮದಂತಿರುವ ಬ್ರಾಡ್ ಗೇಜಿಗೆ ಬಿಗಿಯಾಯಿತು. ಅದೇ 60 ಮೀಟರಿಗೆ ವರ್ಸೈನ್ ಎರಡೂವರೆ ಮೀಟರ್ ಬಂದರೆ 180 ಮೀಟರ್. ಬ್ರಾಡ್ ಗೇಜೂ ಆಗಬಹುದು. ಕಾರ್ಡ್ ಚಿಕ್ಕದಾದಷ್ಟೂ ತಪ್ಪು ದೊಡ್ಡದಾಗುತ್ತದೆ, 50 ಮೀಟರಿಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಬಾಗು ಮುಖ್ಯ ಮಾರ್ಗಕ್ಕೆ ನುಣುಪಾಗಿ ಹೋಗಿ ಸೇರುತ್ತದೆಯೇ ಎಂದೂ ನೋಡಿ. ರಾಜಕಾಲುವೆಗಳೂ ಬಾಗುತ್ತವೆ, ಆದರೆ ಅವು ತಗ್ಗು ಹುಡುಕುತ್ತಾ ವಕ್ರವಕ್ರವಾಗಿ ಹೋಗುತ್ತವೆ, ಒಂದೇ ತ್ರಿಜ್ಯ ಕಾಯ್ದುಕೊಳ್ಳುವುದಿಲ್ಲ.

ಬಾಗು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದೂ ಮಾತಾಡುತ್ತದೆ. ದಾಟಿ ಹೋದ ಗಾಡಿ ಹಿಮ್ಮುಖವಾಗಿ ವ್ಯಾಗನ್‌ಗಳನ್ನು ಒಳಗೆ ತಳ್ಳುವಂತೆ ಸೈಡಿಂಗ್ ಕವಲೊಡೆದಿದ್ದರೆ ಆ ದಿಕ್ಕಿನ ಗಾಡಿಗೆ ಕೆಲಸ ಸಲೀಸು. ಎದುರು ದಿಕ್ಕಿನ ಗಾಡಿಯ ಇಂಜಿನ್ ವ್ಯಾಗನ್‌ಗಳ ಮುಂದೆ ಸಿಕ್ಕಿಕೊಳ್ಳುತ್ತದೆ. ಅದು ಸುತ್ತಿ ಹಿಂದೆ ಬರಲು ಪಕ್ಕದಲ್ಲಿ ಇನ್ನೊಂದು ಹಳಿ ಬೇಕು. ಹಾಗಾಗಿ ಕವಲಿನ ದಿಕ್ಕು ನೋಡಿದರೆ ವ್ಯಾಗನ್‌ಗಳನ್ನು ಯಾವ ಸ್ಟೇಷನ್‌ನಿಂದ ತರುತ್ತಿದ್ದರು ಎಂದು ಊಹಿಸಬಹುದು.

ಸ್ಥಳದಲ್ಲಿ ಸಿಗುವ ಕಬ್ಬಿಣ

ಹಳೆಯ ಹಳಿಯ ತುಂಡುಗಳು ಬೇಲಿಕಂಬವಾಗಿ, ಚರಂಡಿಯ ಮೇಲಿನ ತೊಲೆಯಾಗಿ ಉಳಿದಿರುತ್ತವೆ. ಹಳಿಯ ಮಧ್ಯದ ಚಪ್ಪಟೆ ಭಾಗದ ಮೇಲೆ ಉಬ್ಬಿದ ಅಕ್ಷರಗಳಿರುತ್ತವೆ: ತಯಾರಕರ ಹೆಸರು, ತೂಕ, ವರ್ಷ. ‘90 ಆರ್’ ಎಂದಿದ್ದರೆ ಒಂದು ಗಜಕ್ಕೆ 90 ಪೌಂಡ್, ಅಂದರೆ ಮೀಟರಿಗೆ ಸುಮಾರು 44.6 ಕೆ.ಜಿ.; ಸಾಮಾನ್ಯವಾಗಿ ಬ್ರಾಡ್ ಗೇಜಿನ ಹಳಿ. 60 ಆರ್ ಮೀಟರಿಗೆ ಸುಮಾರು 29.8 ಕೆ.ಜಿ., ಮೀಟರ್ ಗೇಜಿನಲ್ಲಿ ಹೆಚ್ಚು ಬಳಕೆ. ಅಕ್ಷರ ಅಳಿಸಿದ್ದರೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಇಲ್ಲವೇ ಸಂಜೆಯ ಓರೆ ಬಿಸಿಲಲ್ಲಿ ಫೋಟೊ ತೆಗೆಯಿರಿ.

ಆದರೆ ಹಳಿಯ ಮೇಲಿನ ವರ್ಷವನ್ನು ಸೈಡಿಂಗ್ ಹಾಕಿದ ವರ್ಷ ಎಂದು ಬರೆಯಬೇಡಿ. ಮುಖ್ಯ ಮಾರ್ಗದಲ್ಲಿ ಸವೆದು ಬಿಚ್ಚಿದ ಹಳಿಯನ್ನೇ ನಿಧಾನ ಓಡಾಟದ ಸೈಡಿಂಗ್‌ಗಳಿಗೆ ಹಾಕುವುದು ವಾಡಿಕೆ. 1910 ಎಂದಿದ್ದರೆ ‘1910ಕ್ಕಿಂತ ಮೊದಲು ಈ ಹಳಿ ಇಲ್ಲಿ ಇರಲಿಲ್ಲ’ ಎಂದಷ್ಟೇ ಅರ್ಥ.

ಕಾಗದಗಳು ಎಲ್ಲಿವೆ?

ರೈಲ್ವೆಯ ಕಡೆಯಿಂದ ಮೂರು ಬಗೆಯ ಕಾಗದ ಉಪಯುಕ್ತ. ಒಂದು, ಪ್ರತಿ ಸ್ಟೇಷನ್ನಿಗೂ ಇರುವ ಸ್ಟೇಷನ್ ವರ್ಕಿಂಗ್ ರೂಲ್ಸ್. ಅದರ ಜೊತೆಗಿನ ರೇಖಾಚಿತ್ರದಲ್ಲಿ ಸೈಡಿಂಗ್‌ಗಳು, ಅವುಗಳ ಉದ್ದ, ಪಾಯಿಂಟ್ಸಿನ ಬೀಗದ ಕೀಲಿ ಯಾರ ಬಳಿ ಇರಬೇಕು ಎಂಬುದೆಲ್ಲ ಇರುತ್ತದೆ. ಹಳೆಯ ಮತ್ತು ಹೊಸ ಆವೃತ್ತಿ ಎರಡೂ ಸಿಕ್ಕಿ, ಒಂದರಲ್ಲಿ ಸೈಡಿಂಗ್ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅದು ಹೋದ ಕಾಲ ಆ ಎರಡು ತಾರೀಕುಗಳ ನಡುವೆ. ಎರಡು, ಸಿಬ್ಬಂದಿಗೆಂದೇ ಮುದ್ರಿಸುವ ವರ್ಕಿಂಗ್ ಟೈಮ್ ಟೇಬಲ್. ಮೂರು, ಇಂಡಿಯನ್ ರೈಲ್ವೆ ಕಾನ್ಫರೆನ್ಸ್ ಅಸೋಸಿಯೇಷನ್ ಪ್ರಕಟಿಸುತ್ತಿದ್ದ ಸ್ಟೇಷನ್‌ಗಳ ಅಕಾರಾದಿ ಪಟ್ಟಿ. ಸರಕು ಬುಕ್ ಮಾಡಲು ತೆರೆದಿದ್ದ ಸೈಡಿಂಗ್‌ಗಳ ಹೆಸರೂ ಅದರಲ್ಲಿ ಬರುತ್ತಿತ್ತು.

ಈ ಕಾಗದಗಳು ಯಾವ ಊರಿನಲ್ಲಿ ಎಂಬುದು ಕಾಲವನ್ನು ಅವಲಂಬಿಸಿದೆ. ಬ್ರಾಡ್ ಗೇಜ್ ಮೊದಲು ಮದ್ರಾಸ್ ರೈಲ್ವೆಯದು, 1908ರಿಂದ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯದು. ಮೈಸೂರು ಸಂಸ್ಥಾನದ ಮೀಟರ್ ಗೇಜ್ ಮಾರ್ಗಗಳನ್ನು ರೈಲ್ವೆ ಕಂಪನಿ ನಡೆಸುತ್ತಿತ್ತು. 1919ರಲ್ಲಿ ಒಂದಷ್ಟನ್ನು, 1938ರಲ್ಲಿ ಉಳಿದದ್ದನ್ನು ಸಂಸ್ಥಾನ ತಾನೇ ವಹಿಸಿಕೊಂಡಿತು. 1951ರಲ್ಲಿ ಎಲ್ಲ ಸೇರಿ ದಕ್ಷಿಣ ರೈಲ್ವೆ, 2003ರಲ್ಲಿ ಹುಬ್ಬಳ್ಳಿ ಕೇಂದ್ರದ ನೈಋತ್ಯ ರೈಲ್ವೆ. 1960ರ ಕರಾರಿನ ಕಡತ ಬೆಂಗಳೂರು ವಿಭಾಗದಲ್ಲಿ ಇಲ್ಲವೆಂದರೆ ಚೆನ್ನೈನಲ್ಲಿ ಕೇಳಬೇಕಾದೀತು. ಸಂಸ್ಥಾನ ಕಾಲದ್ದಕ್ಕೆ ಕರ್ನಾಟಕ ರಾಜ್ಯ ಪತ್ರಾಗಾರ ಮತ್ತು ಮೈಸೂರು ಸರ್ಕಾರದ ವಾರ್ಷಿಕ ಆಡಳಿತ ವರದಿಗಳು. ಸೈಡಿಂಗ್‌ಗಾಗಿ ಜಮೀನು ಸ್ವಾಧೀನವಾಗಿದ್ದರೆ ಮೈಸೂರು ಗೆಜೆಟ್ಟಿನಲ್ಲಿ ಸರ್ವೆ ನಂಬರುಗಳ ಸಮೇತ ಪ್ರಕಟಣೆ ಇರಬೇಕು. ಉದ್ದಕ್ಕೆ ಒಂದರ ಪಕ್ಕ ಒಂದು ಸರ್ವೆ ನಂಬರಿನಿಂದ ಕೆಲವೇ ಗುಂಟೆ ಹೋಗಿದ್ದರೆ ಅದು ಪಟ್ಟಿ ಜಮೀನು, ಹಳಿಯ ಲಕ್ಷಣ.

ಕಾರ್ಖಾನೆ ನಡೆಸಿದ ಕಂಪನಿಯ ಕಡೆಯಿಂದ ಸಿಗುವ ಒಂದು ದಾಖಲೆಯನ್ನು ಬಹಳ ಮಂದಿ ಮರೆಯುತ್ತಾರೆ: ಆಸ್ತಿ-ಹೊಣೆ ಪಟ್ಟಿ, ಅಂದರೆ ಬ್ಯಾಲೆನ್ಸ್ ಶೀಟ್. 1956ರ ಕಂಪನಿ ಕಾಯ್ದೆಯ ಆರನೆಯ ಷೆಡ್ಯೂಲಿನ ಮೂಲ ನಮೂನೆಯಲ್ಲಿ ಸ್ಥಿರಾಸ್ತಿಗಳನ್ನು ಜಮೀನು, ಕಟ್ಟಡ, ಯಂತ್ರೋಪಕರಣ ಎಂದು ಬಿಡಿಸಿ ತೋರಿಸುವಾಗ ‘ರೈಲ್ವೆ ಸೈಡಿಂಗ್’ ಎಂಬ ಪ್ರತ್ಯೇಕ ಶೀರ್ಷಿಕೆಯೇ ಇತ್ತು. 2011ರಲ್ಲಿ ನಮೂನೆ ಬದಲಾಗುವ ತನಕ ಹೀಗೇ ನಡೆಯಿತು. ವರ್ಷವರ್ಷದ ವರದಿ ಸಾಲಾಗಿ ಇಟ್ಟು ನೋಡಿದರೆ ಆ ಸಾಲಿನಲ್ಲಿ ಮೊತ್ತ ಏರಿದ ವರ್ಷ ಹಳಿ ಬಂತು ಅಥವಾ ಬೆಳೆಯಿತು. ‘ಕಳೆಯಲಾಗಿದೆ’ ಎಂದು ಬಂದ ವರ್ಷ ಮಾರಾಟವಾಯಿತು. ಮೊತ್ತ ಪ್ರತಿವರ್ಷ ತುಸು ತುಸು ಇಳಿಯುವುದು ಬರೀ ಸವಕಳಿ, ಅದಕ್ಕೆ ಮೋಸಹೋಗಬೇಡಿ. ಕಂಪನಿಗಳ ರಿಜಿಸ್ಟ್ರಾರ್ ದಾಖಲೆಗಳು ಆನ್‌ಲೈನ್ ಆದದ್ದು 2006ರಿಂದ. ಹಿಂದಿನದಕ್ಕೆ ಗ್ರಂಥಾಲಯಗಳನ್ನೂ ಹಳೆಯ ಷೇರುದಾರರ ಮನೆಯ ಅಟ್ಟವನ್ನೂ ನಂಬಬೇಕು.

ಕಾರ್ಖಾನೆಯ ಹಳೆಯ ಲೆಟರ್‌ಹೆಡ್ ಕೂಡ ಎಸೆಯುವಂಥದ್ದಲ್ಲ. ತಂತಿ ವಿಳಾಸದ ಪಕ್ಕ ಸರಕು ಬುಕ್ ಮಾಡಬೇಕಾದ ಸ್ಟೇಷನ್ ಹೆಸರು ಅಚ್ಚಾಗಿರುತ್ತಿತ್ತು.

ಆರ್‌ಟಿಐ ಅರ್ಜಿ ಬರೆಯುವಾಗ

ರೈಲ್ವೆ ಕೇಂದ್ರ ಸರ್ಕಾರದ್ದು. ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ‘ಸೈಡಿಂಗ್ ಯಾಕೆ ಮುಚ್ಚಿದಿರಿ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಏಕೆಂದರೆ ಕಾಯ್ದೆ ಕೊಡಿಸುವುದು ಇರುವ ದಾಖಲೆಯನ್ನು. ಹೀಗೆ ಕೇಳಿ: ಇಂಥ ಸ್ಟೇಷನ್‌ನ ಇಂಥ ಸೈಡಿಂಗ್‌ನ ಕರಾರಿನ ಪ್ರತಿ, ಮಂಜೂರಾದ ನಕ್ಷೆಯ ಬಣ್ಣದ ಪ್ರತಿ, ಕರಾರು ರದ್ದಾದ ಪತ್ರದ ಪ್ರತಿ. ಕರಾರು ವಾಣಿಜ್ಯ ವಿಭಾಗದಲ್ಲಿ, ನಕ್ಷೆ ಎಂಜಿನಿಯರಿಂಗ್ ವಿಭಾಗದಲ್ಲಿ ಇರುವ ಸಂಭವ ಹೆಚ್ಚು, ಎರಡನ್ನೂ ಹೆಸರಿಸಿ. ವಾಣಿಜ್ಯ ಗೌಪ್ಯತೆ ಎಂದು ನಿರಾಕರಿಸಿದರೆ ಕಲಂ 8(3) ನೆನಪಿಸಿ: 20 ವರ್ಷಕ್ಕೂ ಹಿಂದಿನ ಸಂಗತಿಗಳಿಗೆ ಆ ವಿನಾಯಿತಿ ಅನ್ವಯಿಸದು. ಮೊದಲ ಮೇಲ್ಮನವಿಗೆ 30 ದಿನ ಕಾಲಾವಕಾಶ.

ಒಂದು ನಿರಾಸೆಗೆ ಮಾತ್ರ ಸಿದ್ಧರಾಗಿರಿ. ದಿನವಹಿ ವ್ಯಾಗನ್ ರಿಜಿಸ್ಟರು, ಆರ್.ಆರ್. ಎಂದು ಕರೆಯುವ ರೈಲ್ವೆ ರಸೀದಿಗಳ ಸ್ಥಳಪ್ರತಿ ಇಂಥವನ್ನು ನಿಗದಿತ ಅವಧಿ ಮುಗಿದ ಮೇಲೆ ನಾಶಮಾಡುತ್ತಾರೆ. 1955ರಲ್ಲಿ ಎಷ್ಟು ವ್ಯಾಗನ್ ಬಂದವು ಎಂಬ ಲೆಕ್ಕ ರೈಲ್ವೆಯಿಂದ ಸಿಗುವುದು ಅಪರೂಪ.

ಹಾಗಾದರೆ ಏನು ಸಾಗಿತೆಂದು ತಿಳಿಯುವುದು ಹೇಗೆ?

ಕಾರ್ಖಾನೆಯ ಹೊಟ್ಟೆಯಿಂದ ಲೆಕ್ಕ ಹಾಕಬೇಕು. ಬ್ರಾಡ್ ಗೇಜಿನ ಹಳೆಯ ನಾಲ್ಕು ಚಕ್ರದ ಮುಚ್ಚಿದ ವ್ಯಾಗನ್ ಸುಮಾರು 22 ಟನ್ ಹೊರುತ್ತಿತ್ತು. ಬಾಯ್ಲರ್ ದಿನಕ್ಕೆ 10 ಟನ್ ಕಲ್ಲಿದ್ದಲು ತಿನ್ನುತ್ತಿದ್ದರೆ, ಅಂಥದೇ ಗಾತ್ರದ ತೆರೆದ ವ್ಯಾಗನ್ ಎರಡು ದಿನಕ್ಕೊಂದು ಬೇಕು. ಇಷ್ಟಿದ್ದರೆ ಸೈಡಿಂಗ್‌ಗೆ ಅರ್ಥವಿದೆ. ವಾರಕ್ಕೆ ಒಂದೇ ವ್ಯಾಗನ್ ಆದರೆ ಗೂಡ್ಸ್ ಶೆಡ್ಡೇ ಅಗ್ಗ.

ಕಲ್ಲಿದ್ದಲನ್ನು ಬೆನ್ನಟ್ಟಿದರೆ ಇನ್ನೊಂದು ವಿಷಯ ಸಿಗುತ್ತದೆ. ಕೋಲಾರದ ಚಿನ್ನದ ಗಣಿಗಳಿಗೆ ಬ್ರಾಡ್ ಗೇಜ್ ಕವಲು 1894ರಲ್ಲಿ ಬಂತು. 1902ರಲ್ಲಿ ಸುಮಾರು 147 ಕಿ.ಮೀ. ದೂರದ ಶಿವನಸಮುದ್ರದಿಂದ ವಿದ್ಯುತ್ ಬಂದಾಗ ಉಗಿಯಂತ್ರಗಳ ಜಾಗದಲ್ಲಿ ಮೋಟಾರು ಕೂತಿತು. ವಿದ್ಯುತ್ತು ತಂತಿಯ ಮೇಲೆ ಬರುವ ಕಲ್ಲಿದ್ದಲು ತಾನೆ! 1905ರಲ್ಲಿ ಅದೇ ವಿದ್ಯುತ್ತು ಬೆಂಗಳೂರಿಗೆ ಬಂತು. ಹಾಗಾಗಿ ಯಾವುದೇ ಮಿಲ್ಲಿನ ಸೈಡಿಂಗ್ ಇತಿಹಾಸದಲ್ಲಿ ಅದು ಉಗಿಯಿಂದ ವಿದ್ಯುತ್ತಿಗೆ ಬದಲಾದ ವರ್ಷವನ್ನು ಹುಡುಕಲೇಬೇಕು. ಆದರೆ ಬಟ್ಟೆ ಮಿಲ್ಲಿನಲ್ಲಿ ಬಣ್ಣ ಹಾಕಲು, ಗಂಜಿ ಹಾಕಲು ಬಿಸಿ ಉಗಿ ಬೇಕು. ಮೋಟಾರು ಬಂದ ಮೇಲೂ ಬಾಯ್ಲರಿಗಾಗಿ ಕಲ್ಲಿದ್ದಲು ಬರುತ್ತಿರಬಹುದು.

ನಿಂತದ್ದು ಯಾವಾಗ?

ಎಲ್ಲರೂ ಕೇಳುವ ಪ್ರಶ್ನೆ, ಅತಿ ಹೆಚ್ಚು ತಪ್ಪುತ್ತರ ಬರುವ ಪ್ರಶ್ನೆಯೂ ಇದೇ. ಮುಖ್ಯ ಕಾರಣ ಲಾರಿ ಎನ್ನುವುದು ಅರ್ಧ ಸತ್ಯ. ಇನ್ನರ್ಧ ರೈಲ್ವೆಯ ಕೆಲಸದ ಕ್ರಮ ಬದಲಾದದ್ದು. ಮೊದಲು ಒಂದೊಂದೇ ವ್ಯಾಗನ್ನನ್ನೂ ಬುಕ್ ಮಾಡಬಹುದಿತ್ತು. ಯಾರ್ಡುಗಳಲ್ಲಿ ಬಿಡಿಸಿ ಜೋಡಿಸಿ ಕಳಿಸುತ್ತಿದ್ದರು, ಅದಕ್ಕೆ ದಿನಗಟ್ಟಲೆ ಹಿಡಿಯುತ್ತಿತ್ತು. 1980ರ ದಶಕದಲ್ಲಿ ಒತ್ತು ಪೂರ್ತಿ ರೇಕ್‌ಗೆ ಹೋಯಿತು: ಒಂದೇ ಕಡೆ ತುಂಬಿ ಒಂದೇ ಕಡೆ ಇಳಿಸುವ ಇಡೀ ಗಾಡಿ. ಬಿಸಿಎನ್ ಎಂಬ ಎಂಟು ಚಕ್ರದ ಮುಚ್ಚಿದ ವ್ಯಾಗನ್‌ನ ಉದ್ದ ಸುಮಾರು 14.5 ಮೀಟರ್, 42 ಸೇರಿದರೆ 600 ಮೀಟರ್ ದಾಟುತ್ತದೆ. ನಗರದ ನಡುವಿನ ಮಿಲ್ಲಿನ ಸೈಡಿಂಗ್ 200 ಮೀಟರ್ ಇದ್ದರೆ ರೇಕನ್ನು ತುಂಡು ಮಾಡಿ ಮೂರ್ನಾಲ್ಕು ಸಲ ಒಳಗೆ ತಳ್ಳಬೇಕು, ಡೆಮರೇಜ್ ಗಡಿಯಾರ ಓಡುತ್ತಲೇ ಇರುತ್ತದೆ. ಅಷ್ಟಕ್ಕೂ ಎರಡು ಸಾವಿರ ಟನ್ನಿಗೂ ಮೀರಿದ ಸರಕನ್ನು ಒಂದೇ ಸಲ ಇಳಿಸಿಕೊಳ್ಳುವ ಗೋದಾಮು ಬಟ್ಟೆ ಮಿಲ್ಲಿಗೆ ಯಾತಕ್ಕೆ? ಹೀಗಾಗಿ ಸಿಮೆಂಟ್, ಉಕ್ಕು, ಗೊಬ್ಬರ, ಧಾನ್ಯ ರೈಲಿನಲ್ಲಿ ಉಳಿದವು. ನಗರದ ಸಣ್ಣಪುಟ್ಟ ಸೈಡಿಂಗ್‌ಗಳು ಖಾಲಿಯಾದವು. ರೈಲ್ವೆಗೇ ಗಾಲಿ ಒದಗಿಸುವ ಯಲಹಂಕದ ಕಾರ್ಖಾನೆಯಂಥವಕ್ಕೆ ಹಳಿಯ ನಂಟು ಬೇರೆಯದೇ ಬಗೆ.

‘ನಿಂತಿತು’ ಎಂದು ಬರೆಯುವಾಗ ಯಾವುದು ನಿಂತಿತೆಂದು ಹೇಳಿ. ಕೊನೆಯ ವ್ಯಾಗನ್ ಬಂದ ದಿನ ಒಂದು. ಕರಾರು ರದ್ದಾದ ದಿನ ಇನ್ನೊಂದು. ವ್ಯಾಗನ್ ಬರದಿದ್ದರೂ ವರ್ಷಗಟ್ಟಲೆ ಶುಲ್ಕ ಕಟ್ಟಿ ಕರಾರು ಉಳಿಸಿಕೊಂಡವರಿದ್ದಾರೆ. ಪಾಯಿಂಟ್ಸ್ ತೆಗೆದು ಮುಖ್ಯ ಮಾರ್ಗ ನೇರ ಮಾಡಿದ ದಿನ ಮೂರನೆಯದು. ಆವರಣದೊಳಗಿನ ಹಳಿ ಕಿತ್ತದ್ದು ನಾಲ್ಕನೆಯದು. ಅದು ಮಿಲ್ಲು ಮುಚ್ಚಿ ಗುಜರಿಗೆ ಹರಾಜಾಗುವ ತನಕ ಕಾದಿರಲೂಬಹುದು. ಕಾರ್ಮಿಕರು ಹೇಳುವುದು ಮೊದಲನೆಯದನ್ನು, ವಾಣಿಜ್ಯ ವಿಭಾಗದ ಕಡತ ಹೇಳುವುದು ಎರಡನೆಯದನ್ನು, ಸ್ಟೇಷನ್ ರೇಖಾಚಿತ್ರ ಮೂರನೆಯದನ್ನು, ಉಪಗ್ರಹ ಚಿತ್ರ ಮತ್ತು ಆಸ್ತಿ ಪಟ್ಟಿ ನಾಲ್ಕನೆಯದನ್ನು. ನಾಲ್ಕೂ ಬೇರೆ ಬೇರೆ ವರ್ಷ ತೋರಿಸಿದರೆ ಯಾವುದೋ ಒಂದು ಸುಳ್ಳೆಂದು ಹೊಡೆದುಹಾಕಬೇಡಿ. ಒಂದು ಹಾಳೆಯಲ್ಲಿ ನಾಲ್ಕು ಕಂಬಸಾಲು ಮಾಡಿ, ಪ್ರತಿ ತಾರೀಕಿನ ಎದುರು ಅದು ಯಾವ ಕಾಗದದಿಂದ ಬಂತೆಂದು ಬರೆದಿಡಿ.